ಲಾವಂಚದ ಕಿಟಕಿ

ಗಾಂಧಿನಗರದಾಗೆ ಎಷ್ಟೋ ಬಂಗಲೆ ನೋಡೀನಿ.
ಗಣಿ ರೊಕ್ಕ ಏರಿದಾಗ ಎದ್ದವು,
ಇಳಿದಾಗ ಬಾಡಿಗೆ ಬೋರ್ಡು ಹಾಕ್ಕೊಂಡವು.
ಇದು ಹತ್ತಿಯ ಕಾಲದ್ದು.
ನೆತ್ತಿ ಮೇಲೆ ಗಾರೆಯ ಎರಡು ಸಿಂಹ,
ಪಂಜದಾಗೆ ಚೆಂಡಲ್ಲ, ಒಡೆದ ಹತ್ತಿಕಾಯಿ,
ನಡುವೆ ೧೯೩೪, ನಾಲ್ಕರ ಬಾಲ ಉದುರೈತೆ.
ಹರಗಿನಡೋಣಿ ಸಾವುಕಾರ್ರ ಮನೆ ಅಂದರೆ
ಆಟೋದವರು ಮತ್ತೊಂದು ಮಾತು ಕೇಳಂಗಿಲ್ಲ.

ನಾನು ಮೌಲಾಲಿ, ಏಸಿ ರಿಪೇರಿ.
ಈ ಮನೆಗೆ ಹತ್ತು ಏಸಿ, ವರ್ಷಕ್ಕೆ ಎರಡು ಸರ್ವಿಸು.
ಫಿಲ್ಟರ್ ಬಿಚ್ಚಿ ಜಾಡಿಸಿದರೆ ಸಂಡೂರೇ ಉದುರ್ತೈತೆ,
ಕುಂಕುಮದಷ್ಟು ನುಣ್ಣಗೆ, ಕುಂಕುಮಕ್ಕಿಂತ ತೂಕ.
ಬಂದ ನೆಂಟರು ನೆಲ ನೋಡ್ತಾರೆ,
ಕನ್ನಡಿಯಂಥ ಕಲ್ಲು, ಹಡಗಿನಾಗೆ ಬಂದದ್ದಂತೆ.
ನನಗೆ ಗೊತ್ತಿರೋದು ಪ್ರತಿ ಕೋಣೆಯ ಮೇಲಿನ ಮೂರಡಿ:
ಬರ್ಮಾ ತೇಗದ ತೊಲೆ,
ದೀಪದ ಗೊಂಚಲಿನ ಬೆನ್ನು,
ಹಿರೇ ಸಾವುಕಾರ್ರ ಪಟದ ಹಿಂದೆ ಹಲ್ಲಿಯ ಮೊಟ್ಟೆ,
ಬೀರುವಿನ ತಲೆ ಮೇಲೆ ಯಾರೋ ಯಾರಿಂದಲೋ
ಬಚ್ಚಿಟ್ಟು ಮರೆತ ಒಂದು ಗಾಜಿನ ಬಳೆ.

ಹನ್ನೊಂದನೇದು ಪಡುವಣ ಕೋಣೆಗೆ, ಮಹಡಿ ಮೇಲೆ.
ಏಪ್ರಿಲ್ಲು. ಗುಡ್ಡ ಬಾಣಲೆ.
ಹಗಲೆಲ್ಲ ಕುಡಿದ ಬಿಸಿಲನ್ನ
ರಾತ್ರಿಯೆಲ್ಲ ಕಕ್ಕೋ ಬಂಡೆ ಅದು,
ಊರಿಗೇ ಎದುರು ಕೂತೈತೆ.
ಹಿತ್ತಲ ಕಬ್ಬಿಣದ ಏಣಿ ಹತ್ತಿ
ಕಿಟಕಿಯ ಹೊರಮಗ್ಗುಲಿಗೆ ಬಂದೆ.
ಒಂದು ಕಡಪಾ ಹಾಸು, ಒಂದೂವರೆ ಅಡಿ ಅಗಲ.
ಚೌಕಟ್ಟಿನ ಮೇಲೆ ಸಾಲಾಗಿ ತುಕ್ಕು ಹಿಡಿದ ಕೊಕ್ಕೆ.
ಏಳು ಎಣಿಸಿದೆ. ಎಂಟನೇದರಾಗೆ ಬೆಳವದ ಗೂಡು.

“ಲಾವಂಚದ ತಟ್ಟಿ ಕಟ್ಟೋ ಕೊಕ್ಕೆ ಅವು”
ಒಳಗಿಂದ ಸರ್ವಮಂಗಳಮ್ಮ.
ಎಪ್ಪತ್ತೆಂಟಕ್ಕೂ ದನಿ ಕಂಚು,
ಈಗಲೂ ಜಿನ್ನಿಂಗ್ ಮಿಲ್ಲಿನ ಲೆಕ್ಕ ಅವರದೇ.
“ನನಗೆ ಆರೋ ಏಳೋ.
ಊಟ ಆದ ಮೇಲೆ ಇಲ್ಲೇ ಮಲಗಿಸೋರು.
ಸುಂಕಮ್ಮ ಅಂತ ಒಬ್ಬಾಕಿ ಹೊರಗೆ ನಿಂತು
ತಟ್ಟಿಗೆ ನೀರು ಎರಚೋಳು.
ಚಳ್ ಅನ್ನೋದು. ಆಮೇಲೆ ಆ ವಾಸನೆ.
ಒಂದಿನ ಕೇಳಿದ್ದೆ, ಹೊರಗೆ ಯಾರು ಅಂತ.
‘ಗಾಳಿ, ನನ್ನವ್ವ, ಮಲಕ್ಕೋ’ ಅಂದಳು.
ಮಲಗಿದೆ.”

ಸ್ವಲ್ಪ ಹೊತ್ತು ರಿಮೋಟಿನ ಡಬ್ಬಿ ತಿರುವಿ ತಿರುವಿ ನೋಡಿದರು.
“ಮುಖ ಹೆಂಗಿತ್ತೋ ಗೊತ್ತಿಲ್ಲ ನೋಡು.
ಕೈಯ ನೆರಳು ಗೊತ್ತು.”

ಕಾಲ ಕೆಳಗೆ ನೋಡಿದೆ.
ಕಲ್ಲಿನಾಗೆ ಎರಡು ಗುಳಿ.
ಒಂದು ಹೆಜ್ಜೆಯಂಗೈತೆ. ಇನ್ನೊಂದು ಕೊಡ ಇಟ್ಟು ಇಟ್ಟು
ಸವೆದದ್ದೂ ಇರಬೌದು, ನನಗೇನು ಗೊತ್ತು.
ಡ್ರಿಲ್ಲು ನಾಲ್ಕು ಬೆರಳು ಆಚೆಗೆ ಹಿಡಿದೆ.
ಗಾದಿಲಿಂಗ “ಅಣ್ಣಾ, ಗುರುತು ಇಲ್ಲಿ ಹಾಕೀವಲ್ಲ” ಅಂದ.
ಸುಮ್ಮನೆ ಒತ್ತು ಅಂದೆ.

ತಾಮ್ರದ ಪೈಪು ಜೋಡಿಸಿ, ಗ್ಯಾಸು ಬಿಟ್ಟು,
ಬಿರುಕಿಗೆಲ್ಲ ಮೇಣ ತುಂಬಿ
ಹೊಸ ಗಾಜು ಎಳೆದು ಮುಚ್ಚಿದ್ವಿ.
ಒಳಗಿನ ಮಾತು ಅಲ್ಲಿಗೆ ನಿಂತಿತು.
ಮಿಷನ್ನು ಗರ್ ಅಂತ ಎದ್ದು
ಕೋಣೆಯ ಕಾವನ್ನೆಲ್ಲ ತಂದು ನನ್ನ ಹೊಟ್ಟೆಗೆ ಊದಿತು.
ಅಂಗಿ ಬೆನ್ನಿಗೆ ಮೆತ್ತಿತ್ತು, ಸ್ಪ್ಯಾನರ್ ಮುಟ್ಟಿದರೆ ಕೆಂಡ.
ನಮ್ಮಜ್ಜ ಇಂಥವರ ಗಾದಿಗೆ ಅರಳೆ ಹಿಂಜಿದವನು,
ಅವನ ಕೆಮ್ಮು ಯಾಕೋ ನೆನಪಾಯಿತು.

ಆಗ ಪರದೆ ಸರಿಯಿತು.
ಸರ್ವಮಂಗಳಮ್ಮ ಗಾಜಿಗೆ ಹಣೆ ಹಚ್ಚಿ
ನನ್ನ ಮುಖ ನೋಡಿದರು. ಬಹಳ ಹೊತ್ತು,
ಲೆಕ್ಕದಾಗೆ ತಪ್ಪಿದ ಒಂದು ಅಂಕಿ ಹುಡುಕೋರಂಗೆ.
ತುಟಿ ಅಲ್ಲಾಡಿತು, ಏನೋ ಕೇಳಿದರು.
ಕೇಳಿಸಲಿಲ್ಲ.
“ಮೌಲಾಲಿ” ಅಂದೆ ನಾನು.
ಅವರಿಗೂ ಕೇಳಿಸಿರಲಿಕ್ಕಿಲ್ಲ.

ಏಣಿಯಿಂದ ಗಾದಿಲಿಂಗ ಕೂಗಿದ:
“ಅಣ್ಣಾ, ನೀರಿನ ಪೈಪು ಯಾ ಕಡೆ ಬಿಡ್ಲಿ?”
ಇಲ್ಲೇ ಬಿಡು, ಈ ಕಲ್ಲಿನ ಮೇಲೆ.
ಈ ಗುಳಿಗಳಿಗೆ ನೀರಿನ ರೂಢಿ ಐತೆ.