ಕಿಟಕಿಯ ಕೆಳಗೆ

ಮೊದಲು ಗೊತ್ತಾದದ್ದು ಸದ್ದಿಲ್ಲದ್ದರಿಂದ.
ಹಿತ್ತಿಲ ಬಾಗಿಲು ಕಿರುಗುಟ್ಟಿದರೆ ಸಾಕು,
ಉಳಿದ ಮೂವರನ್ನು ಮೆಟ್ಟಿಕೊಂಡು ಓಡಿ ಬರುವವಳು
ಬೇಲಿಯ ಮೂಲೆಯಲ್ಲಿ ರೆಕ್ಕೆ ಜೋತು ಕೂತಿದ್ದಳು,
ಯಾರೋ ಒಗೆಯಲು ಹಾಕಿ ಮರೆತ ಸ್ವೆಟರಿನ ಹಾಗೆ.
ಬಿಸ್ಕತ್ತು. ಬಣ್ಣವೂ ಅದೇ,
ಆಲ್ಬಿ ಇಟ್ಟ ಹೆಸರೂ ಅದೇ.

ಎತ್ತಿಕೊಂಡೆ. ಕೈಗೆ ತೂಕವೇ ಸಿಗಲಿಲ್ಲ.
ಎದೆಮೂಳೆ ದೋಣಿಯ ಅಡಿಯಷ್ಟು ಚೂಪು,
ಜುಟ್ಟು ಪೇಲವ,
ಹಿಕ್ಕೆ (ಹೇಳಬಾರದು, ಹೇಳದೆ ವಿಧಿಯಿಲ್ಲ) ಹಸಿರು,
ಕೆಳಗೆ ಬಂದರಿನಲ್ಲಿ ಹಡಗಿಗೆ ಬಳಿಯುವಂಥ ಹಸಿರು.

ಪಕ್ಕದ ಮನೆಯ ನೈರಿ ಪೊಲಾಕ್ ಬಂದಳು,
ಎಂಬತ್ತೊಂದು ವರ್ಷ, ಗಂಡನ ಗಂಬೂಟು.
ಕುತ್ತಿಗೆಯ ಬುಡದ ಚೀಲ ಹಿಸುಕಿ ನೋಡಿ,
"ರಾತ್ರಿ ತಿಂದದ್ದು ಬೆಳಿಗ್ಗೆ ಇಲ್ಲಿರಬಾರದು. ಇಲ್ಲ.
ಹಾಗಾದರೆ ಮೊಟ್ಟೆ ಸಿಕ್ಕಿಕೊಂಡಿದೆ."
ಸಿಂಕಿನಲ್ಲಿ ಉಗುರುಬಿಸಿ ನೀರು ತುಂಬಿದೆ.
ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಕೂತಳು ಬಿಸ್ಕತ್ತು,
ಬಾಣಂತಿಯಂತೆ, ಎಲ್ಲವನ್ನೂ ನಮಗೆ ಬಿಟ್ಟು.
ಮೊಟ್ಟೆ ಇರಲಿಲ್ಲ.
"ಹಾಗಾದರೆ ಹೇನು." ಅದು ಹಗಲು ಕಾಣುವ ಪೈಕಿಯಲ್ಲ.
ರಾತ್ರಿ ಹತ್ತಕ್ಕೆ ಟಾರ್ಚ್ ಹಿಡಿದು
ಅಡ್ಡಗೋಲಿನ ಸಂದುಸಂದಿಗೆ ಬಿಳಿ ಕಾಗದ ಒರೆಸಿದೆವು.
ಕಾಗದ ಬಿಳಿಯಾಗಿಯೇ ಬಂತು.
ಗೂಡು ಸ್ವಚ್ಛವಾಗಿದೆಯೆಂದು ಸಿಟ್ಟು ಬಂದದ್ದು
ಅದೇ ಮೊದಲು.

"ವಯಸ್ಸಾಯಿತು ಬಿಡು," ಅಂದ ಹೇಮಿ,
ಕ್ರೇನಿನ ರಾತ್ರಿಪಾಳಿ ಮುಗಿಸಿ, ಬೂಟು ಬಿಚ್ಚುತ್ತ.
ಎರಡು ವರ್ಷಕ್ಕೆ ಯಾವ ವಯಸ್ಸು?
ಜಗಳವಾಡಲಿಲ್ಲ. ಹುಳುವಿನ ಔಷಧಿ ಕುಡಿಸಿದೆ.
ಮೂರನೆಯ ದಿನಕ್ಕೆ ಕಾಲೂ ಸೋತವು.

ಆಲ್ಬಿ, ನಾಲ್ಕು ವರ್ಷದವನು, ಗಂಜಿ ಕಲಕುತ್ತ ಹೇಳಿದ:
"ಅವಳು ಚಿಪ್ಸ್ ಜಾಸ್ತಿ ತಿಂದಳು."
ಯಾವ ಚಿಪ್ಸ್?
"ಕಿಟಕಿ ಚಿಪ್ಸ್."
ನನ್ನ ಬೆರಳು ಹಿಡಿದು ಕರೆದೊಯ್ದ,
ಅವನದೇ ಕೋಣೆಯ ಕಿಟಕಿಯ ಕೆಳಗೆ.

ಸೆಪ್ಟೆಂಬರಿನಲ್ಲಿ, ವಸಂತ ಶುರುವಾದಾಗ,
ಆ ಚೌಕಟ್ಟನ್ನು ನಾನೇ ಕೆರೆದಿದ್ದೆ.
ಮೇಲೆ ಕೆನೆಬಣ್ಣ, ಅದರಡಿ ಹಸಿರು,
ಅದರಡಿ ಈ ಮನೆ ಕಟ್ಟಿದವನ ದಪ್ಪನೆಯ ಬಿಳಿ.
ಒಂದೊಂದು ಪದರ ಎದ್ದಾಗಲೂ
ನೈರಿಯನ್ನು ಕರೆದು ತೋರಿಸಿ ಹಿಗ್ಗಿದ್ದೆ.
ಉದುರಿದ್ದನ್ನು ಗುಡಿಸಿದ್ದೆ.
ಗುಡಿಸಿದ್ದೆ ಅಂದುಕೊಂಡಿದ್ದೆ.
ಅಲ್ಲೇ ಈಗ ನೆಲ ಕೆದಕಿದ ಗುರುತು, ಮೂರು ಬೆರಳಿನದು,
ಮಣ್ಣಿನಲ್ಲಿ ಅಕ್ಕಿನುಚ್ಚಿನಂಥ ಬಿಳಿ.

ಎಕ್ಸ್‌ರೇಯಲ್ಲಿ ಕೋಳಿ ಬರೀ ಮಸುಕು,
ಹೊಟ್ಟೆಯ ಏಳು ಚುಕ್ಕೆ ಮಾತ್ರ ಸ್ಪಷ್ಟ.
"ಸೀಸ," ಅಂದಳು ಪಶುವೈದ್ಯೆ. "ನಾಲಿಗೆಗೆ ಸಿಹಿ ಅನ್ನುತ್ತಾರೆ.
ದಿನಕ್ಕೆರಡು ಇಂಜೆಕ್ಷನ್. ಬದುಕಿದರೂ ಬದುಕಬಹುದು."
ಆಮೇಲೆ, ಬರೆಯುತ್ತಿದ್ದ ಚೀಟಿಯಿಂದ ತಲೆಯೆತ್ತದೆ,
"ಮೊಟ್ಟೆ ಯಾರು ತಿನ್ನುತ್ತೀರಿ ಮನೆಯಲ್ಲಿ?"

ಮೂರು ದಿನದಿಂದ ನೂರು ಪ್ರಶ್ನೆ ಕೇಳಿಕೊಂಡಿದ್ದೆ,
ಇದೊಂದು ಬಿಟ್ಟು.
ದಿನಕ್ಕೊಂದು. ಅರೆಬೆಂದದ್ದು.
ಟೋಸ್ಟನ್ನು ಉದ್ದುದ್ದ ಕೊಯ್ದು, ಅದ್ದಿ,
ಬೆರಳು ನೆಕ್ಕಿ.

ಗುರುವಾರ ಅವನ ರಕ್ತ ತೆಗೆದರು.
ಮೊಣಕೈಗೆ ಡೈನೋಸಾರ್ ಪಟ್ಟಿ.
ಒಗೆಯುವ ಕೋಣೆಯಲ್ಲಿ, ಕಿವಿಹಣ್ಣಿನ ರಟ್ಟಿನ ಡಬ್ಬಿಯ ಮುಂದೆ
ಕುಕ್ಕರುಗಾಲಲ್ಲಿ ಕೂತು ಬಿಸ್ಕತ್ತಿಗೆ ಹೇಳುತ್ತಿದ್ದಾನೆ,
ಸೂಜಿ ಚುಚ್ಚುವಾಗ ಬೇರೆ ಕಡೆ ನೋಡಬೇಕು ಅಂತ.
ಹೊರಗೆ ಹೇಮಿ ಮುಖವಸ್ತ್ರ ಕಟ್ಟಿಕೊಂಡು
ಮಣ್ಣು ಅಗೆದು ಚೀಲಕ್ಕೆ ತುಂಬುತ್ತಿದ್ದಾನೆ,
ಗೋಡೆಯಾಚೆ ನೈರಿ, ಏನೂ ಹೇಳದೆ,
ಚೀಲದ ಬಾಯಿ ಹಿಡಿದುಕೊಂಡು.

ಇವತ್ತು ಬೆಳಿಗ್ಗೆ ಅವಳು
ನನ್ನ ತೋಳಿನ ಗುಂಡಿಯನ್ನು ಒಮ್ಮೆ ಕುಕ್ಕಿದಳು.
ಹಸಿವೋ, ಸಿಟ್ಟೋ.

ಫ್ರಿಜ್ಜಿನಲ್ಲಿ ಇನ್ನೂ ಐದು ಮೊಟ್ಟೆ.
ಒಂದೊಂದರ ಮೇಲೂ ಪೆನ್ಸಿಲ್ಲಿನಲ್ಲಿ ತಾರೀಖು,
ಆಲ್ಬಿ ಬರೆದದ್ದು, ಮೂರು ಎಲ್ಲವೂ ತಿರುಗುಮುರುಗು.
ಬಾಗಿಲು ತೆಗೆಯುತ್ತೇನೆ, ಹಾಲು ತೆಗೆದುಕೊಳ್ಳುತ್ತೇನೆ,
ಮುಚ್ಚುತ್ತೇನೆ.
ಆಸ್ಪತ್ರೆಯ ಫೋನು ಇನ್ನೂ ಬಂದಿಲ್ಲ.