ಬೀಳುವ ಪಾತ್ರ

ಬಂಗಡೆ ಕೈಕೊಟ್ಟ ಫೆಬ್ರವರಿಯಲ್ಲಿ
ಬೈತಖೋಲದ ಬಂದರಿಗೆ ಸಿನಿಮಾದವರು ಬಂದರು.
ಐಸಿಗೆ ಗಿರಾಕಿಯಿಲ್ಲ. ಮಾಲಕರು ಕಾರ್ಖಾನೆಯ ಅಂಗಳವನ್ನು
ದಿನಕ್ಕೆ ಇಷ್ಟೆಂದು ಬಾಡಿಗೆಗೆ ಕೊಟ್ಟರು,
ನಮ್ಮನ್ನೂ ಸೇರಿಸಿ.

ಕತೆ ಏನಪ್ಪ, ಎಂದೆ.
ಕ್ಲ್ಯಾಪ್ ಹೊಡೆಯುವ ಹುಡುಗ ಚಾ ಊದುತ್ತ ಹೇಳಿದ:
ಒಬ್ಬ ಇರ್ತಾನೆ ಮೇಡಂ, ಮಾತೇ ಆಡೋದಿಲ್ಲ,
ಮೀನಿನ ಬುಟ್ಟಿ ಹೊರ್ತಾನೆ, ಯಾರ ತಂಟೆಗೂ ಹೋಗೋದಿಲ್ಲ.
ಆಮೇಲೆ ಗೊತ್ತಾಗುತ್ತೆ.
ಏನು?
ಅವನು ಯಾರು ಅಂತ.

ನಾನು ಹಾಜರಿ ಪುಸ್ತಕದ ಕಡೆ ನೋಡಿದೆ.
ಹನ್ನೊಂದು ವರ್ಷದಿಂದ ನನ್ನದೇ ಅಕ್ಷರ:
ಘನಶ್ಯಾಮ. ಕೆಲಸ, ಗಡ್ಡೆ ಒಡೆಯುವುದು. ಊರು,
ಅಲ್ಲೊಂದು ಗೆರೆ.
ಮೊದಲ ದಿನ ಕೇಳಿದಾಗ ಕಾಳಿ ನದಿಯ ಆಚೆ ಕೈ ತೋರಿಸಿದ್ದ.
ಅತ್ತ ಸದಾಶಿವಗಡವಿದೆ, ಗೋವೆಯಿದೆ, ಮುಂಬಯಿಯಿದೆ,
ಇಡೀ ದೇಶವೇ ಇದೆ.
ಗೆರೆ ಎಳೆದು ಮುಂದಿನ ಹೆಸರಿಗೆ ಹೋದೆ.

ಇಷ್ಟು ಮಾತ್ರ ಗೊತ್ತು.
ಒಂದು ವರ್ಷ ‘ಮಹಾಮಾಯಾ’ ಬೋಟಿನ ಒಡಿಶಾ ಹುಡುಗರು
ಮೂರು ತಿಂಗಳ ಪಗಾರ ಸಿಗದೆ
ನಮ್ಮ ಗೋಡೆಯ ನೆರಳಲ್ಲಿ ಒಣ ಅವಲಕ್ಕಿ ತಿನ್ನುತ್ತಿದ್ದರು.
ಘನಶ್ಯಾಮ ನೋಡಿದ, ಗಡ್ಡೆ ಒಡೆದ,
ಮತ್ತೆ ನೋಡಿದ.
ಮರುದಿನ ಬೋಟಿನ ಮಾಲಕ ತಾನೇ ಬಂದು
ಒಬ್ಬೊಬ್ಬರ ಮುಂದೆ ನೋಟು ಎಣಿಸಿದ, ಎಡಗೈಯಲ್ಲಿ.
ಬಲಗೈ ಶಾಲಿನೊಳಗಿತ್ತು.
ಘನಶ್ಯಾಮ ಅಂದು ಒಂದು ತಾಸು ತಡ. ಅದೊಂದೇ ದಿನ.
ನಾನು ಎಂಟು ಗಂಟೆ ಎಂದೇ ಬರೆದೆ.

ಫೈಟ್ ಮಾಸ್ಟರಿಗೆ ಬೀಳುವವರು ಬೇಕಿದ್ದರು.
ಮೈಕಟ್ಟು ನೋಡಿ ಇವನನ್ನು ಕರೆದರು, ದಿನಕ್ಕೆ ಎಂಟುನೂರು.
ಬೀಳೋದು ಸುಲಭ ಅಲ್ಲ, ಮಾಸ್ಟರು ಹೇಳಿಕೊಟ್ಟರು,
ಮುಷ್ಟಿ ಒಂದು ಗೇಣು ದೂರದಲ್ಲೇ ಹೋಗುತ್ತೆ,
ನೀನು ಮುಖ ತಿರುಗಿಸಬೇಕು, ನೋವು ತೋರಿಸಬೇಕು,
ಬಲೆಯ ರಾಶಿ ಮೇಲೆ ಅಂಗಾತ.
ತಲೆಯಾಡಿಸಿದ.
ಹೀರೋ ಒಳ್ಳೆಯ ಹುಡುಗ, ವಯಸ್ಸಿಗೆ ಹಿರಿಯನೆಂದು ನಮಸ್ಕರಿಸಿ
ಕೈ ಬೀಸಿದ.

ಏನಾಯಿತೆಂದು ಯಾರೂ ನೋಡಲಿಲ್ಲ.
ನೋಡುವಷ್ಟರಲ್ಲಿ ಹೀರೋನ ಮಣಿಕಟ್ಟು ಘನಶ್ಯಾಮನ ಕೈಯಲ್ಲಿ,
ಹಸಿ ಮೊಟ್ಟೆ ಹಿಡಿದಷ್ಟು ಹಗುರ.
ಇನ್ನೊಂದು ಕೈ ಆಗಲೇ ಗಂಟಲ ತನಕ ಹೋಗಿ
ನಿಂತುಬಿಟ್ಟಿತ್ತು,
ಬಿಟ್ಟುಬಂದ ಮನೆಗೆ ಮರೆವಿನಲ್ಲಿ ನಡೆದ ಕಾಲು
ಬಾಗಿಲ ಮುಂದೆ ನಿಲ್ಲುವ ಹಾಗೆ.

ಕ್ಯಾಮರಾ ಓಡುತ್ತಿತ್ತು.
ಆತ ಬಿಟ್ಟ. ತನ್ನ ಕೈಯನ್ನೇ
ಕರೆಯದೆ ಬಂದ ನೆಂಟನನ್ನು ನೋಡುವಂತೆ ನೋಡಿದ.
ಚೂಕ್ ಜಾಲಿ, ಅಂದ. ತಪ್ಪಾಯ್ತು.
ಮಾಸ್ಟರು ನೋಡುತ್ತಿದ್ದದ್ದು ಮುಖವನ್ನಲ್ಲ,
ಪಾದಗಳನ್ನು, ಅವು ನಿಂತ ರೀತಿಯನ್ನು.
ಮೊದಲು ಎಲ್ಲಿದ್ದೆ? ಮೆಲ್ಲಗೆ ಕೇಳಿದರು. ಯಾರ ಕೈಕೆಳಗೆ?

ಐಸು ಕರಗ್ತದೆ, ಅಂದ ಘನಶ್ಯಾಮ,
ಒಳಗೆ ಹೋದ.

ಮಧ್ಯಾಹ್ನ ತಾನಾಗಿ ಬಂದು ಬಿದ್ದ. ಒಂದೇ ಟೇಕು.
ಎಲ್ಲರೂ ಚಪ್ಪಾಳೆ ತಟ್ಟಿದರು, ಮಾಸ್ಟರು ತಟ್ಟಲಿಲ್ಲ.

ಏಪ್ರಿಲಿಗೆ ಹೊಸ ಹಾಜರಿ ಪುಸ್ತಕ.
ಊರು ಎಂಬಲ್ಲಿ, ಕೇಳದೆ,
ಬೈತಖೋಲ ಎಂದು ಬರೆದೆ.
ಸಹಿ ಮಾಡುವಾಗ ಓದಿದನೋ ಇಲ್ಲವೋ.

ಸಿನಿಮಾ ದೀಪಾವಳಿಗೆ ಬಂತು. ನಾನು ಹೋಗಿದ್ದೆ.
ಇಂಟರ್‌ವಲ್ ಆದ ಮೇಲೆ ಇಪ್ಪತ್ತು ನಿಮಿಷ ಬರೀ ಹಿಂದಿನ ಕತೆ:
ಸುಟ್ಟ ಮನೆ, ಹೆಂಡತಿಯ ಬಳೆ, ಒಂದು ಪುಟ್ಟ ಚಪ್ಪಲಿ.
ಜನ ಸೀಟಿ ಹೊಡೆದರು, ನನಗೂ ಕಣ್ಣು ಒದ್ದೆ.
ಎಲ್ಲ ಹೇಳಿದರು, ಒಂದನ್ನೂ ಬಿಡದೆ.
ಘನಶ್ಯಾಮನ ಬೆನ್ನು ಎರಡು ಸೆಕೆಂಡು ಕಂಡಿತು.

ಮರುದಿನ ಅವನಿಗೆ ಕತೆ ಹೇಳಿದೆ. ಪೂರ್ತಿ ಕೇಳಿದ.
ಕೊನೆಗೆ ಆತ ಕೆಲಸಕ್ಕೆ ವಾಪಸು ಬರ್ತಾನಾ?

ಇಲ್ಲ. ರಾತ್ರಿ ಬೋಟು ಹತ್ತಿ ಹೋಗಿಬಿಡ್ತಾನೆ,
ಎಲ್ಲಿಗೆಂದು ತೋರಿಸೋದಿಲ್ಲ.

ಪಾಪ, ಅಂದ,
ಗಡ್ಡೆಗೆ ಕೊಕ್ಕೆ ಹಾಕಿ ಎಳೆದ.