ಕಿನ್ನಾಳಕ್ಕೆ ಬಂದ ತಲೆ

ಕೊಪ್ಪಳದ ಡ್ರಾಯಿಂಗ್ ಮಾಸ್ತರು ದಸ್ತಗೀರ ಸಾಹೇಬರು
ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದರು
ಟವೆಲಿನಲ್ಲಿ ಸುತ್ತಿದ ಒಂದು ತಲೆ.
ಕಂಡಕ್ಟರ್ ಕೇಳಿದನಂತೆ, ಕಲ್ಲಂಗಡಿ ಏನ್ರಿ?

ಬಿಚ್ಚಿದರೆ ಸುಣ್ಣದ ಬಿಳಿ. ಮೂಗು ಮುರಿದಿತ್ತು.
ಗುಂಗುರು ಕೂದಲು, ತುಸುವೇ ತೆರೆದ ತುಟಿ,
ಕಣ್ಣಿರಬೇಕಾದಲ್ಲಿ ಕೋಳಿಮೊಟ್ಟೆಯಂಥ ಉಬ್ಬು.
"ಗ್ರೀಕರ ದೇವರು, ಹುಲಿಗೆವ್ವ. ಅಪೋಲೋ ಅಂತಾರ.
ಅಸಲು ಅಮೃತಶಿಲೆ, ಇದು ಪ್ಲಾಸ್ಟರಿನ ನಕಲು.
ಮೂವತ್ತು ವರ್ಷ ಹುಡುಗರು ಇದನ್ನ ನೋಡಿ
ನೆರಳು ಕಲಿತಾರ. ಮೂಗೊಂದು ಕೂಡಿಸಿಕೊಡು, ಸಾಕು."

ಅತ್ತೆ ಹುಣಸೆಬೀಜದ ಅಂಟು ಕಾಸಿದಳು,
ಗೋಣಿನಾರು, ಕಟ್ಟಿಗೆಯ ಹುಡಿ ಅರೆದು ಕಲಸಿ
ಎಳೆದಳು ಮೂಗು. ನಮ್ಮ ಮನೆತನದ ಮೂಗು,
ತುದಿ ತುಸು ಬಾಗಿದ್ದು;
ಬೇರೆಯದು ಅವಳ ಬೆರಳಿಗೆ ಬಾರದು.

ಒಣಗಲಿಟ್ಟಳು ಗರುಡನ ಪಕ್ಕ,
ಅರ್ಧ ಬಳಿದ ಆನೆಯ ಪಕ್ಕ.
ಎರಡು ದಿನ ಏನೂ ಅನ್ನಲಿಲ್ಲ.
ಮೂರನೆಯ ದಿನ ಕುಂಚ ತೊಳೆಯುತ್ತ:
"ಯಾರ್ ಸತ್ತಾರ ಇವನ ಮನ್ಯಾಗ?
ಇಷ್ಟು ಬಿಳೇದು ಯಾವ ದೇವರೂ ಉಡೂದಿಲ್ಲ.
ಕಣ್ಣು ಬರೀದ ಕಳಿಸ್ಯಾರ ಯಾರೋ, ಪಾಪ,
ದಾರಿ ಕಾಣದ ಬಂದಾನ ನಮ್ಮನಿಗೆ."

ಬಟ್ಟಲು ಹಿಡಿದು ನಿಂತವಳು ನಾನೇ.
ಕೆನ್ನೆಗೆ ಗೋಧಿಬಣ್ಣ, ತುಟಿಗೆ ಇಂಗಳೀಕ,
ಗುಂಗುರಿಗೆ ತವರದ ಹಾಳೆ ಬಡಿದು ಮಾಡಿದ ಹೊನ್ನು.
ಕೊನೆಗೆ, ಉಸಿರು ಬಿಗಿಹಿಡಿದು, ಕಣ್ಣು.
ಅದು ತೆರೆಯುವಾಗ ಎದುರಿಗಿರಬಾರದೆಂದು
ನನ್ನ ಬದಿಗೆ ದೂಡಿದಳು. ಹಾಗಾಗಿ
ಅವನು ಮೊದಲು ನೋಡಿದ್ದು ನಮ್ಮ ಒಲೆಯನ್ನ.

ಮಾಸ್ತರು ಬಂದರು, ಕಂಡರು,
ಹೊಸ್ತಿಲ ಮೇಲೆ ಕುಸಿದರು.
"ಕೆಡಿಸಿದೆಲ್ಲವ್ವ" ಅಂದದ್ದು ಎಷ್ಟು ಮೆಲ್ಲಗೆಂದರೆ
ಅತ್ತೆ ಅದನ್ನ ಮೆಚ್ಚುಗೆ ಅಂದುಕೊಂಡಳು.
ಚಹಾ ಕುಡಿದರು. ದುಡ್ಡು ಕೊಟ್ಟರು.
ತಲೆ ಒಯ್ಯಲಿಲ್ಲ.

ಎಂಟು ವರ್ಷಕ್ಕೊಂದು ಕಾರ್ಡು ಬಂತು, ಅಕ್ಷರ ನಡುಗಿದ್ದವು:
"ಓದಿದೆ. ಅವರೂ ಬಳಿಯುತ್ತಿದ್ದರಂತೆ,
ಕೆಂಪು, ನೀಲಿ, ಹೊನ್ನು. ರೆಪ್ಪೆಗೂದಲನ್ನೂ ಬಿಟ್ಟಿಲ್ಲ.
ಮಣ್ಣು ತಿಂದು ಮಳೆ ತೊಳೆದು ಉಳಿದ ಎಲುಬನ್ನ
ನಾವು ಚೆಲುವು ಅಂದೆವು. ಕೂದಲ ಸಂದಿಯಲ್ಲಿ
ಅಂಟಿಕೊಂಡಿದ್ದ ಚೂರು ಬಣ್ಣವನ್ನೂ ಯಾರೋ
ಕೊಳೆಯೆಂದು ತಿಕ್ಕಿ ತೆಗೆದರಂತೆ.
ನಾನು ಕಲಿಸಿದ್ದು ಹಾಗಾದರೆ ಏನು, ಹುಲಿಗೆವ್ವ?"

ಓದಿ ಹೇಳಿದೆ. ಅತ್ತೆ ಗೋಂದು ಕಲಸುತ್ತಿದ್ದಳು.
"ಮತ್ತ? ಅವರಿಗೂ ಕಣ್ಣು ಇದ್ದವಲ್ಲ" ಅಂದಳು,
ಗೋಂದು ಗಂಟಾಯಿತೆಂದು ನನ್ನನ್ನೇ ಬೈದಳು.

ಈಗ ಅತ್ತೆ ಇಲ್ಲ, ಮಾಸ್ತರೂ ಇಲ್ಲ.
ತಲೆ ಗೂಡಿನಲ್ಲಿದೆ.
ಗೌರಿ ಕೊಳ್ಳಲು ಬಂದವರು ಕೇಳುತ್ತಾರೆ, ಇದು ಯಾವ ದೇವರು?
ಪರಊರಿನವ ಅನ್ನುತ್ತೇನೆ; ಮೂಗು ನೋಡಿ
ನಗುತ್ತಾರೆ ಕೆಲವರು, ನಂಬದೆ.
ಎಡಗಣ್ಣಿನ ಮೂಲೆಯಲ್ಲಿ ಬಣ್ಣ ಚಕ್ಕೆ ಎದ್ದಿದೆ,
ಒಳಗಿಂದ ಆ ಬಿಳಿ ಇಣುಕುತ್ತಿದೆ.
ದಸರೆಗೆ ಮೊದಲು ಬಳಿಯಬೇಕು ಇನ್ನೊಮ್ಮೆ.
ಇಂಗಳೀಕ ಮಾತ್ರ ಈ ಸಲ ಬಹಳ ತುಟ್ಟಿ.